ಅಂಗಳದ ಮಲ್ಲಿಗೆ ಬಳ್ಳಿ: ಅದನ್ನು ಕತ್ತರಿಸುವ ಕಾಲವೂ ಕ್ರಮವೂ



ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿನಲ್ಲಿ ಮನೆ ಕಟ್ಟಿಕೊಂಡವರು ಬಾವಿಯ ಬಳಿಯಲ್ಲಾಗಲಿ ಬಚ್ಚಲ ನೀರು ಹರಿದುಹೋಗುವ ಕಡೆಯಲ್ಲಾಗಲಿ ಒಂದು ಮಲ್ಲಿಗೆಯ ಬಳ್ಳಿಯನ್ನು ನೆಟ್ಟುಕೊಳ್ಳುವದುಂಟು. ನಮ್ಮ ಚೌಳಹಿರಿಯೂರಿನಲ್ಲಿಯೂ ಇಂಥ ಬಳ್ಳಿಗಳನ್ನು ಕಾಣಬಹುದು. ಮೊದಲ ಮೂರು ನಾಲ್ಕು ವರುಷ ಆ ಬಳ್ಳಿಯು ಮನೆಯವರಿಗೆ ಕೈತುಂಬ ಹೂವು ಕೊಡುವದು. ಆ ಮೇಲೆ ಅದು ಮಾಡನ್ನು ಹತ್ತುವದು, ಎಲೆ ದಟ್ಟವಾಗುವದು, ನೆರಳು ಸೊಗಸಾಗಿರುವದು, ಆದರೆ ಹೂವಿನ ಬುಟ್ಟಿ ಮಾತ್ರ ವರುಷ ವರುಷಕ್ಕೆ ಹಗುರವಾಗುತ್ತಾ ಬರುವದು. ಆಗ ಮಣ್ಣಿನ ಸಾರ ತೀರಿಹೋಯಿತೆಂದು ಒಬ್ಬರು, ಯಾರದೋ ಕಣ್ಣು ತಾಕಿತೆಂದು ಇನ್ನೊಬ್ಬರು ಹೇಳುವರು. ಬಳ್ಳಿಗೆ ಕಣ್ಣು ತಾಕಿರುವದಿಲ್ಲ. ಕತ್ತರಿ ತಾಕದೆ ಇರುವದೇ ಅನೇಕ ಬಳ್ಳಿಗಳ ಬಂಜೆತನಕ್ಕೆ ಕಾರಣ.

ಆದರೆ ಇಷ್ಟನ್ನು ಓದಿದ ಕೂಡಲೆ ಕುಡುಗೋಲನ್ನು ಹಿಡಿದುಕೊಂಡು ಏಳಬೇಡಿರಿ. ಕತ್ತರಿಸುವದು ಒಂಟಿಯಾದ ಕೆಲಸವಲ್ಲ. ನೀರನ್ನು ತಡೆಯುವದು, ಕತ್ತರಿಸುವದು, ಗೊಬ್ಬರ ಕೊಡುವದು, ತಿರಿಗಿ ನೀರು ಕೊಡುವದು ಎಂಬ ನಾಲ್ಕು ಕೆಲಸಗಳು ಒಂದೇ ಸರಪಣಿಯ ಕೊಂಡಿಗಳಾಗಿವೆ. ಒಂದು ಕೊಂಡಿ ಕಳಚಿದರೆ ಉಳಿದ ಮೂರೂ ವ್ಯರ್ಥವಾಗುವವು. ಈ ನಾಲ್ಕನ್ನೂ ನಮ್ಮ ಬಯಲುಸೀಮೆಗೆ ಹೊಂದುವಂತೆ ತಿಳಿಸುವದೇ ಈ ಪಾಠದ ಉದ್ದೇಶ.

೧. ಬಳ್ಳಿಯ ಜಾತಿಗಳು

ಮಲ್ಲಿಗೆಯೆಂದು ನಾವು ಒಂದೇ ಮಾತಿನಲ್ಲಿ ಕರೆಯುವದರೊಳಗೆ ಹಲವು ಜಾತಿಗಳಿವೆ. ಅವುಗಳಲ್ಲಿ ನಾಲ್ಕನ್ನು ಗುರುತಿಸಲು ಕಲಿತರೆ ಸಾಕು.

ಮೊದಲನೆಯದು ದುಂಡು ಮಲ್ಲಿಗೆ. ಇದರ ಎಲೆ ಅಗಲ, ಒಂದೊಂದು ತೊಟ್ಟಿಗೆ ಒಂದೊಂದೇ ಎಲೆ, ಮೊಗ್ಗು ದಪ್ಪ. ಶಾಸ್ತ್ರಜ್ಞರು ಇದನ್ನು ಜಾಸ್ಮಿನಮ್ ಸಂಬಾಕ್ ಎಂದು ಕರೆಯುವರು. ಸಸ್ಯಗಳಿಗೆ ಹೆಸರಿಟ್ಟ ಲಿನ್ನೇಯಸನು ೧೭೫೩ರಲ್ಲಿ ಇದನ್ನು ಪಾರಿಜಾತದ ಕುಲದಲ್ಲಿ ಸೇರಿಸಿದ್ದನು; ೧೭೮೯ರಲ್ಲಿ ಏಟನ್ ಎಂಬವನು ಇದನ್ನು ಮಲ್ಲಿಗೆಯ ಕುಲಕ್ಕೆ ಸೇರಿಸಿದನು. ಇದೇ ಹೂವನ್ನು ಫಿಲಿಪ್ಪೀನ್ಸ್ ದೇಶದವರು ೧೯೩೪ರಲ್ಲಿ ತಮ್ಮ ರಾಷ್ಟ್ರಪುಷ್ಪವನ್ನಾಗಿ ಆರಿಸಿಕೊಂಡರು. ಚೀನದೇಶದವರು ಚಹದ ಎಲೆಗೆ ಪರಿಮಳ ಹತ್ತಿಸುವದಕ್ಕೂ ಇದನ್ನೇ ಉಪಯೋಗಿಸುವರು.

ಎರಡನೆಯದು ಸೂಜಿ ಮಲ್ಲಿಗೆ. ಇದರ ಮೊಗ್ಗು ಸಣ್ಣದು, ಚೂಪಾದದ್ದು. ಹೂವಿನ ಹಡಗಲಿಯ ಸೀಮೆಯಲ್ಲಿ ಹೆಸರಾದ ಮಲ್ಲಿಗೆಯು ಈ ಜಾತಿಯದೇ. ಮೂರನೆಯದು ಜಾಜಿ. ಇದರ ಒಂದು ತೊಟ್ಟಿನಲ್ಲಿ ಹಲವು ಕಿರಿ ಎಲೆಗಳು ಸಾಲಾಗಿರುವವು. ಮೊಗ್ಗಿನ ಹೊರಗಡೆ ನಸುಗೆಂಪು ಬಣ್ಣವಿರುವದು. ನಾಲ್ಕನೆಯದು ಕಾಕಡ. ಇದರ ಎಲೆಯ ಮೇಲೆ ಮೃದುವಾದ ರೋಮವುಂಟು. ಪರಿಮಳ ಬಲು ಕಡಿಮೆ. ಬೇರೆ ಮಲ್ಲಿಗೆಗಳು ಇಲ್ಲದ ಚಳಿಗಾಲದಲ್ಲಿ ಇದು ಹೆಚ್ಚಾಗಿ ಹೂ ಬಿಡುವದರಿಂದ ಇದಕ್ಕೆ ಬೆಲೆ.

ನಮ್ಮ ರಾಜ್ಯದಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಎಂಬ ಮೂರಕ್ಕೂ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ಉಡುಪಿಯ ಹತ್ತಿರದ ಶಂಕರಪುರದಲ್ಲಿ ದೊಡ್ಡ ಹೊಲಗಳಿಲ್ಲದ ಕುಟುಂಬಗಳು ಮನೆಯ ಹಿತ್ತಲಿನ ಗಿಡಗಳಿಂದಲೇ ಮೊಗ್ಗು ಕೊಯ್ದು, ಬಾಳೆಯ ನಾರಿನಿಂದ ಕಟ್ಟಿ, ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂಬ ಲೆಕ್ಕದಲ್ಲಿ ಮಾರುವರು. ಹಿತ್ತಲಿನ ಬಳ್ಳಿಯೆಂದು ಅದನ್ನು ಹಗುರವಾಗಿ ಎಣಿಸಕೂಡದೆಂಬದಕ್ಕೆ ಇದು ಸಾಕ್ಷಿ.

೨. ಹೂವು ಎಲ್ಲಿ ಹುಟ್ಟುವದು?

ಈ ಪಾಠದ ಬೇರು ಇಲ್ಲಿದೆ. ಆದಕಾರಣ ನಿಧಾನವಾಗಿ ಓದಿರಿ.

ನಾಳೆ ಬೆಳಿಗ್ಗೆ ನಿಮ್ಮ ಬಳ್ಳಿಯ ಬಳಿಗೆ ಹೋಗಿ, ಮೊಗ್ಗು ಇರುವ ಒಂದು ಕುಡಿಯನ್ನು ಕೈಯಲ್ಲಿ ಹಿಡಿದು ಕೆಳಮುಖವಾಗಿ ನೋಡುತ್ತಾ ಬನ್ನಿರಿ. ಮೊಗ್ಗು ಎಳೆಯ ಹಸುರು ಕುಡಿಯ ತುದಿಯಲ್ಲಿರುವದು. ಆ ಕುಡಿಯು ಇದೇ ವರುಷ ಹುಟ್ಟಿದ್ದು. ಅದರ ಕೆಳಗಿರುವ ಬೂದುಬಣ್ಣದ ಗಟ್ಟಿ ಕಡ್ಡಿಯಲ್ಲಿ ನೀವು ಒಂದು ಮೊಗ್ಗನ್ನೂ ಕಾಣಲಾರಿರಿ. ಮಲ್ಲಿಗೆಯು ಹೊಸ ಚಿಗುರಿನಲ್ಲಿ ಮಾತ್ರ ಹೂ ಬಿಡುವ ಗಿಡ. ಹಾಗಾದರೆ ಹೂವಿನ ಲೆಕ್ಕವು ಬಳ್ಳಿಯ ಉದ್ದದ ಲೆಕ್ಕವಲ್ಲ, ಹೊಸ ತುದಿಗಳ ಲೆಕ್ಕ. ಇಪ್ಪತ್ತು ಅಡಿ ಏರಿದ ಬಳ್ಳಿಗೆ ಹೊಸ ತುದಿಗಳು ಹತ್ತೇ ಇದ್ದರೆ ಹತ್ತು ಗೊಂಚಲುಗಳೇ ಸಿಕ್ಕುವವು.

ಇನ್ನು ಒಂದು ಸಂಗತಿ. ಪ್ರತಿಯೊಂದು ಕಡ್ಡಿಯ ತುದಿಯು ತನ್ನ ಕೆಳಗಿನ ಕಣ್ಣುಗಳನ್ನು ಚಿಗುರಗೊಡದೆ ಅದುಮಿ ಇಡುತ್ತದೆ. ೧೯೩೩ರಲ್ಲಿ ಥಿಮನ್ ಮತ್ತು ಸ್ಕೂಗ್ ಎಂಬ ಇಬ್ಬರು ಪಂಡಿತರು ಒಂದು ಜಾತಿಯ ಅವರೆಯ ಗಿಡದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ತುದಿಯನ್ನು ಚಿವುಟಿದಾಗ ಕೆಳಗಿನ ಕಣ್ಣುಗಳು ಎದ್ದವು. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವನ್ನು ಕಡಿದ ಬಾಯಿಗೆ ಹಚ್ಚಿದಾಗ ಅವು ಮೊದಲಿನಂತೆಯೇ ಮಲಗಿದವು. ತುದಿಯು ಹೋದ ಮೇಲೆ ಗಿಡದ ಸಕ್ಕರೆಯು ಕೆಳಗಿನ ಕಣ್ಣುಗಳ ಕಡೆಗೆ ಹರಿಯುವದೂ ಚಿಗುರಿಗೆ ಕಾರಣವೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದಕಾರಣ ತುದಿಯನ್ನು ತೆಗೆಯುವದೆಂದರೆ ಮಲಗಿರುವ ಕಣ್ಣುಗಳನ್ನು ಎಬ್ಬಿಸುವದು.

ಮಲ್ಲಿಗೆಯಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುವವು. ಪ್ರತಿ ಎಲೆಯ ಬುಡದಲ್ಲಿ ಒಂದು ಕಣ್ಣಿರುವದು. ಒಂದು ಗೆಣ್ಣಿನ ಮೇಲೆ ಕತ್ತರಿಸಿದರೆ ಎರಡು ಚಿಗುರುಗಳು ಹೊರಡುವವು. ದುಂಡು ಮಲ್ಲಿಗೆಯ ಒಂದು ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳ ಗೊಂಚಲು ಇರುವದು. ಲೆಕ್ಕಕ್ಕಾಗಿ ಮೂವತ್ತು ಕಡ್ಡಿಗಳುಳ್ಳ ಒಂದು ಬಳ್ಳಿಯನ್ನು ಭಾವಿಸಿರಿ. ಕತ್ತರಿಸದೆ ಬಿಟ್ಟರೆ ಒಂದು ಸಾರಿಗೆ ತೊಂಬತ್ತು ಮೊಗ್ಗು. ಕತ್ತರಿಸಿ ಚಿಗುರಿಸಿದರೆ ತುದಿಗಳು ಅರುವತ್ತಾಗಿ ನೂರೆಂಬತ್ತು ಮೊಗ್ಗು. ಕಳಕೊಂಡೆವೆಂದು ನಾವು ಎಣಿಸಿದ್ದು ಈ ರೀತಿಯಾಗಿ ಇಮ್ಮಡಿಯಾಗುವದು.

೩. ಒಂದು ಬಳ್ಳಿಯ ಸಂಗತಿ

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳುತ್ತೇನೆ. ಅದರಿಂದ ಮತ್ತೊಬ್ಬರ ಬಳ್ಳಿಯಾದರೂ ಉಳಿಯಲಿ.

ನನ್ನ ತಾಯಿ ತನ್ನ ತವರಿನಿಂದ ತಂದ ದುಂಡು ಮಲ್ಲಿಗೆಯು ನಮ್ಮ ಹಿತ್ತಲಲ್ಲಿತ್ತು. ಆಕೆಯು ವರುಷಕ್ಕೊಮ್ಮೆ ರಾಗಿಯ ಕೊಯ್ಲಾದ ಮೇಲೆ ಅದನ್ನು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು, ಪಾತ್ರೆ ತೊಳೆದ ನೀರನ್ನು ಅದಕ್ಕೇ ಹೊಯ್ಯುತ್ತಿದ್ದಳು. ಬೇಸಿಗೆಯಲ್ಲಿ ಹೂ ಕಟ್ಟಿ ಸಂತೆಗೆ ಕಳುಹಿಸುವಳು. ಆ ಹಣದಿಂದಲೇ ನನ್ನ ಶಾಲೆಯ ಪುಸ್ತಕಗಳು ಬಂದವು. ಆಕೆಯು ತೀರಿಹೋದ ಮೇಲೆ ನಾನು ಆ ಬಳ್ಳಿಯನ್ನು ಆಕೆಯ ಗುರುತಾಗಿ ಎಣಿಸಿ, ಯಾರೂ ಅದಕ್ಕೆ ಕತ್ತಿ ತಾಗಿಸಕೂಡದೆಂದು ಹೇಳಿದೆನು. ನನ್ನ ಅಕ್ಕ ಒಂದೆರಡು ಸಲ, ಅಮ್ಮ ಇದನ್ನು ಕತ್ತರಿಸುತ್ತಿದ್ದಳಲ್ಲಾ ಎಂದು ಕೇಳಿದಳು. ನಾನು ಕಿವಿಗೊಡಲಿಲ್ಲ. ಏಳು ವರುಷದಲ್ಲಿ ಬಳ್ಳಿಯು ಹೆಂಚನ್ನು ಎತ್ತಿ ಒಳಗೆ ತೂರಿತು. ಕೆಳಗೆ ಬರಿಯ ಒಣಕಡ್ಡಿಗಳ ಗೂಡು. ಮೇಲೆ, ಕೈಗೆ ಎಟುಕದಲ್ಲಿ, ನಾಲ್ಕಾರು ಹೂವು.

ಕಡೆಗೆ ಒಂದು ಜೂನ್ ತಿಂಗಳಲ್ಲಿ, ಹೆಂಚು ಸೋರಿದ ಸಿಟ್ಟಿನಿಂದ, ಕುಡುಗೋಲು ತೆಗೆದುಕೊಂಡು ಬಳ್ಳಿಯನ್ನೆಲ್ಲಾ ಮೊಣಕಾಲುದ್ದಕ್ಕೆ ಕಡಿದುಹಾಕಿದೆನು. ಕಾಂಡವು ಸೀಳಿಹೋಯಿತು. ಅದೇ ವಾರ ಮಳೆ ಹಿಡಿಯಿತು. ಎಲೆಯಿಲ್ಲದ ಗಿಡ ನೀರನ್ನು ಕುಡಿಯಲಾರದೆ ಬುಡದ ಪಾತಿಯಲ್ಲಿ ನೀರು ನಿಂತಿತು. ಒಂದು ತಿಂಗಳಾಗುವಷ್ಟರಲ್ಲಿ ಬುಡದ ತೊಗಟೆಯ ಮೇಲೆ ಬಿಳಿಯ ಬೂಷ್ಟು ಹಬ್ಬಿ, ಅದರ ನಡುವೆ ಸಾಸಿವೆ ಕಾಳಿನಂಥ ಉಂಡೆಗಳು ಕಂಡವು. ಬಳ್ಳಿ ಸತ್ತಿತು. ಏಳು ವರುಷ ಕತ್ತರಿಸದೆ ಇದ್ದದ್ದು ಒಂದು ತಪ್ಪು. ಒಂದು ದಿನದಲ್ಲಿ ಎಲ್ಲವನ್ನು ಕತ್ತರಿಸಿದ್ದು ಇನ್ನೊಂದು. ಎರಡೂ ಬಳ್ಳಿಯ ಸ್ವಭಾವವನ್ನು ನೋಡದೆ ನನ್ನ ಮನಸ್ಸನ್ನೇ ನೋಡಿಕೊಂಡು ಮಾಡಿದವುಗಳೇ.

ಆದರೆ ಗೋಡೆಯ ಮೂಲೆಯಲ್ಲಿ ಒಂದು ಕೊಂಬೆಯು ಹಿಂದೆಯೇ ನೆಲಕ್ಕೆ ಬಾಗಿ, ತರಗೆಲೆಯ ಕೆಳಗೆ ತಾನಾಗಿಯೇ ಬೇರು ಬಿಟ್ಟಿತ್ತು. ಅಕ್ಕ ಅದನ್ನು ಕಂಡು ಬೇರ್ಪಡಿಸಿ ಎತ್ತರವಾದ ಜಾಗದಲ್ಲಿ ನೆಟ್ಟಳು. ಈಗ ನಮ್ಮ ಅಂಗಳದಲ್ಲಿರುವ ಬಳ್ಳಿ ಅದೇ. ಅದನ್ನು ಪ್ರತಿ ವರುಷ ತಪ್ಪದೆ ಕತ್ತರಿಸುತ್ತೇವೆ.

೪. ಕಾಲ

ನಮ್ಮ ಬಯಲಿಗೆ ವರುಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರ್ ಮಾತ್ರ. ಬಾಬಾಬುಡನ್ ಗಿರಿಗಳ ಆಚೆ ಶೃಂಗೇರಿಯ ಕಡೆಯಲ್ಲಿ ೩,೦೦೦ ಮಿಲಿಮೀಟರಿಗೂ ಮೇಲಾಗಿ ಸುರಿಯುವದು. ಆದಕಾರಣ ಮಲೆನಾಡಿನ ಅಥವಾ ಕರಾವಳಿಯ ನೆಂಟರು ಹೇಳಿದ ತಿಂಗಳನ್ನು ಇಲ್ಲಿ ಹಾಗೆಯೇ ಹಿಡಿಯಕೂಡದು.

ದುಂಡು ಮಲ್ಲಿಗೆಯನ್ನು ನವೆಂಬರ್ ಕಡೆಯ ವಾರದಿಂದ ಡಿಸೆಂಬರ್ ಮುಗಿಯುವದರೊಳಗೆ ಕತ್ತರಿಸತಕ್ಕದ್ದು. ಆಗ ಹಿಂಗಾರು ನಿಂತಿರುವದು, ಚಳಿ ಹಿಡಿದಿರುವದು, ಗಿಡವೂ ವಿಶ್ರಾಂತಿಯಲ್ಲಿರುವದು. ಜಾಜಿಯನ್ನು ಡಿಸೆಂಬರ್ ಕಡೆಯಿಂದ ಜನವರಿಯಲ್ಲಿಯೂ, ಸೂಜಿ ಮಲ್ಲಿಗೆಯನ್ನು ಜನವರಿಯ ಕಡೆಯ ವಾರದಲ್ಲಿಯೂ ಕತ್ತರಿಸಬೇಕು. ಕಾಕಡವನ್ನು ಈ ತಿಂಗಳುಗಳಲ್ಲಿ ಮುಟ್ಟಲೇಬಾರದು. ಅದು ಹೂ ಬಿಡುವ ಕಾಲ ಅದೇ. ಚಳಿಯ ಹೂವೆಲ್ಲಾ ಮುಗಿದ ತರುವಾಯ, ಮುಂಗಾರಿಗೆ ಮುಂಚೆ ಅದನ್ನು ಕತ್ತರಿಸಿರಿ. ನಾಲ್ಕು ಬಳ್ಳಿಗಳನ್ನೂ ಒಂದೇ ದಿನ ಕತ್ತರಿಸುವವನು ಒಂದಕ್ಕಾದರೂ ಕೇಡು ಮಾಡುವನು.

ಈ ಕಾಲದಲ್ಲಿ ನಮ್ಮವರಿಗೆ ಕಣದ ಕೆಲಸವಿರುವದರಿಂದ ಬಳ್ಳಿಯ ವಿಷಯವು ಮರೆತುಹೋಗುವದು. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಫೆಬ್ರವರಿಯ ತನಕ ತಳ್ಳಿದರೆ ಎಳೆಯ ಚಿಗುರು ಬಿರುಬಿಸಿಲಿಗೆ ಸಿಕ್ಕಿಕೊಳ್ಳುವದು. ಹೂವು ಕೂಡ ತಡವಾಗುವದು. ಒಂದು ಬಳ್ಳಿಗೆ ಬೇಕಾದದ್ದು ಒಂದು ಗಳಿಗೆಯ ಕೆಲಸ. ಅದನ್ನು ಕಣದ ಕೆಲಸದ ನಡುವೆಯೇ ಮಾಡಿ ಮುಗಿಸಿರಿ.

೫. ಕತ್ತರಿಸುವ ಕ್ರಮ

ಮೊದಲು ನೀರನ್ನು ತಡೆಯಿರಿ. ಕತ್ತರಿಸುವದಕ್ಕೆ ಎರಡು ಮೂರು ವಾರ ಮುಂಚೆ ಬುಡಕ್ಕೆ ನೀರು ಹೋಗದಂತೆ ಬಚ್ಚಲ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಿರಿ. ಎಲೆಗಳು ಬಣ್ಣಗೆಟ್ಟು ಕೆಲವು ಉದುರುವವು. ಹೆದರಬೇಡಿರಿ, ಗಿಡವು ತನ್ನ ಬಲವನ್ನು ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟುಕೊಳ್ಳುವದು. ಆದರೆ ಕಡ್ಡಿಗಳೇ ಸುಕ್ಕುಗಟ್ಟುವಷ್ಟು ಒಣಗಿಸಕೂಡದು.

ಎರಡನೆಯದಾಗಿ ಉಪಕರಣ. ಕುಡುಗೋಲು ಹುಲ್ಲಿಗೆ, ಮಲ್ಲಿಗೆಗಲ್ಲ. ಅದು ಕಡ್ಡಿಯನ್ನು ಎಳೆದು ಸೀಳುವದು. ಹರಿತವಾದ ಗಿಡಗತ್ತರಿ ಇರಲಿ. ದಪ್ಪ ಕಾಂಡಕ್ಕೆ ಸಣ್ಣ ಗರಗಸ. ಒಂದು ಬಳ್ಳಿಯಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಕುದಿಯುವ ನೀರಿನಲ್ಲಿ ಅದ್ದಿ ಒರಸಿರಿ. ಇಲ್ಲವಾದರೆ ರೋಗವನ್ನು ನೀವೇ ಕೈಯಾರೆ ಹಂಚಿದಂತಾಗುವದು.

ಮೂರನೆಯದಾಗಿ ಏನನ್ನು ತೆಗೆಯಬೇಕೆಂಬದು. ಈ ಅನುಕ್ರಮವನ್ನು ನೆನಪಿಡಿರಿ: ಮೊದಲು ಸತ್ತದ್ದು, ಆಮೇಲೆ ರೋಗ ಹತ್ತಿದ್ದು, ಆಮೇಲೆ ಒಂದರ ಮೇಲೊಂದು ಉಜ್ಜುವದು, ಕಡೆಗೆ ಮಾತ್ರ ಆರೋಗ್ಯವಾದದ್ದು. ಮೊದಲ ಮೂರನ್ನು ತೆಗೆದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಬಳ್ಳಿಯನ್ನು ನೋಡಿರಿ. ಒಳಗೆ ಬೆಳಕು ಬೀಳುತ್ತದೋ? ಗಾಳಿಯಾಡುತ್ತದೋ?

ಪೊದೆಯಾಗಿ ಬೆಳೆಸಿದ ದುಂಡು ಮಲ್ಲಿಗೆಯಾದರೆ ಎಲ್ಲಾ ಕಡ್ಡಿಗಳನ್ನು ನೆಲದಿಂದ ಒಂದೂವರೆ ಅಡಿಯಷ್ಟು, ಅಂದರೆ ಸುಮಾರು ೪೫ರಿಂದ ೫೦ ಸೆಂಟಿಮೀಟರ್ ಬಿಟ್ಟು ಕತ್ತರಿಸಿರಿ. ಚಪ್ಪರಕ್ಕೆ ಹತ್ತಿಸಿದ ಬಳ್ಳಿಯಾದರೆ ಬುಡದಿಂದ ಬಂದ ಮೂರು ನಾಲ್ಕು ಬಲವಾದ ಕಾಂಡಗಳನ್ನು ಚಪ್ಪರದ ತನಕ ಉಳಿಸಿಕೊಂಡು, ಅವುಗಳಿಂದ ಹೊರಟ ಪಕ್ಕದ ಕಡ್ಡಿಗಳನ್ನು ಎರಡು ಮೂರು ಗೆಣ್ಣು ಬಿಟ್ಟು ಕತ್ತರಿಸಿರಿ. ಗೆಣ್ಣಿಗಿಂತ ಕಾಲು ಅಂಗುಲ ಮೇಲೆ ಕತ್ತರಿ ಬೀಳಲಿ. ಹೆಚ್ಚು ಉದ್ದ ಬಿಟ್ಟರೆ ಆ ಮೊಟಕು ಒಣಗಿ ಕೊಳೆಯುವದು; ಗೆಣ್ಣಿಗೇ ತಗಲಿಸಿದರೆ ಕಣ್ಣು ಕೆಡುವದು. ಉಳಿದ ಎಲೆಗಳನ್ನೂ ಕೈಯಿಂದ ಬಿಡಿಸಿಬಿಡುವದು ಒಳ್ಳೇದು. ಹುಳದ ಮೊಟ್ಟೆಗಳು ಅವುಗಳ ಕೆಳಗಿರುವವು.

ಹಲವು ವರುಷದಿಂದ ಕತ್ತರಿ ಕಾಣದೆ ಮಾಡು ಹತ್ತಿದ ಹಳೆಯ ಬಳ್ಳಿಯನ್ನು ಒಂದೇ ವರುಷದಲ್ಲಿ ತಿದ್ದಬೇಡಿರಿ. ಹಳೆಯ ಕಾಂಡಗಳಲ್ಲಿ ಮೂರರಲ್ಲೊಂದು ಪಾಲನ್ನು ಈ ವರುಷ ಬುಡದ ಬಳಿ ತೆಗೆಯಿರಿ. ಅಲ್ಲಿ ಹೊಸ ಚಿಗುರು ಬಂದದ್ದನ್ನು ಕಂಡು ಬರುವ ವರುಷ ಇನ್ನೊಂದು ಪಾಲು. ಅದರ ಮರುವರುಷ ಉಳಿದದ್ದು. ಏಳು ವರುಷದ ಉದಾಸೀನವನ್ನು ಏಳು ನಿಮಿಷದಲ್ಲಿ ತೀರಿಸಲಾಗದು.

ನಾಲ್ಕನೆಯದಾಗಿ ಗಾಯಕ್ಕೆ ಔಷಧ. ಹೆಬ್ಬೆರಳಿಗಿಂತ ದಪ್ಪವಾದ ಕಡಿತಕ್ಕೆ ಬೋರ್ಡೋ ಮುಲಾಮನ್ನು ಹಚ್ಚತಕ್ಕದ್ದು. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿಯೂ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ, ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕೂಡಿಸಿರಿ; ಕಬ್ಬಿಣದ ಪಾತ್ರೆ ಕೂಡದು. ಹೊಳೆಯುವ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸೇರಿಸಿರಿ. ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ದ್ರಾಕ್ಷೆಯ ಬಳ್ಳಿಗಳ ರೋಗಕ್ಕಾಗಿ ಮಿಲಾರ್ಡೆ ಎಂಬ ಪಂಡಿತನು ೧೮೮೫ರಲ್ಲಿ ಇದನ್ನು ಪ್ರಕಟಿಸಿದನು. ನಮ್ಮ ಅಡಿಕೆಯ ತೋಟದವರಿಗೆ ಇದು ಹೊಸದಲ್ಲ. ೧೯೦೮ರಲ್ಲಿ ಮೈಸೂರು ಸರಕಾರದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಅಡಿಕೆಯ ಕೊಳೆರೋಗಕ್ಕೆ ಇದೇ ದ್ರಾವಣವನ್ನು ತೆಳ್ಳಗೆ ಮಾಡಿ ಸಿಂಪಡಿಸುವದನ್ನು ಪ್ರಚಾರಕ್ಕೆ ತಂದರು. ತೋಟದಿಂದ ಮಿಕ್ಕ ಒಂದು ಹಿಡಿ ಮೈಲುತುತ್ತವು ಅಂಗಳದ ಬಳ್ಳಿಗೆ ಸಾಕು. ಅದು ವಿಷವಾದದ್ದರಿಂದ ಮಕ್ಕಳ ಕೈಗೆ ಸಿಕ್ಕದ ಹಾಗೆ ಇಡಿರಿ.

೬. ಗೊಬ್ಬರವೂ ನೀರೂ

ಕತ್ತರಿಸಿದ ಬಳಿಕ ಬುಡದ ಸುತ್ತಲೂ ಒಂದು ಅಡಿ ದೂರದಲ್ಲಿ ಅರ್ಧ ಅಡಿ ಆಳವಾಗಿ ಅಗೆದು ವಾರವೊಪ್ಪತ್ತು ಬಿಸಿಲಿಗೆ ಬಿಡಿರಿ. ಮಣ್ಣಿನಲ್ಲಿ ಅಡಗಿದ ಹುಳಗಳು ಸಾಯುವವು. ಬೇರಿನ ದಪ್ಪ ಕವಲುಗಳನ್ನು ಕಡಿಯಬೇಡಿರಿ.

ಆ ಮೇಲೆ ಬೆಳೆದ ಗಿಡವೊಂದಕ್ಕೆ ಹತ್ತು ಕಿಲೋಗ್ರಾಂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಕೊಟ್ಟು ಮಣ್ಣು ಮುಚ್ಚಿರಿ. ಅಂಗಡಿಯ ಗೊಬ್ಬರ ಕೊಳ್ಳಲು ಶಕ್ತಿಯುಳ್ಳವರು ದುಂಡು ಮಲ್ಲಿಗೆಗೆ ೬೫ ಗ್ರಾಂ ಯೂರಿಯ, ೩೭೫ ಗ್ರಾಂ ಸೂಪರ್ ಫಾಸ್ಫೇಟ್, ೧೦೦ ಗ್ರಾಂ ಪೊಟ್ಯಾಷನ್ನು ಈಗ ಒಂದು ಸಲವೂ, ಜೂನ್ ಜುಲೈ ತಿಂಗಳಲ್ಲಿ ಇಷ್ಟನ್ನೇ ಇನ್ನೊಂದು ಸಲವೂ ಕೊಡತಕ್ಕದ್ದು. ಎಳೆಯ ಗಿಡಕ್ಕೆ ಅರ್ಧ ಸಾಕು. ಯೂರಿಯ ಅಗ್ಗವೆಂದು ಅದೊಂದನ್ನೇ ಹೆಚ್ಚಾಗಿ ಹಾಕುವವರಿಗೆ ಎಲೆ ಸಿಕ್ಕುವದು, ಹೂವು ಸಿಕ್ಕುವದಿಲ್ಲ.

ಈಗ ನಮ್ಮ ಸೀಮೆಗೆ ಮುಖ್ಯವಾದ ಮಾತು. ಕತ್ತರಿಸಿದ ಬಳ್ಳಿಯು ಎರಡು ಮೂರು ವಾರದಲ್ಲಿ ಚಿಗುರುವದು. ಎರಡು ಎರಡೂವರೆ ತಿಂಗಳಿಗೆ ಮೊದಲ ಮೊಗ್ಗುಗಳು ಕಾಣುವವು. ಅಂದರೆ ಅದಕ್ಕೆ ಹೆಚ್ಚು ನೀರು ಬೇಕಾಗುವದು ಜನವರಿಯಿಂದ ಮೇ ತನಕ. ನಮ್ಮ ಬಾವಿಗಳು ತಳ ಕಾಣುವದೂ ಆ ತಿಂಗಳುಗಳಲ್ಲಿಯೇ. ಆದಕಾರಣ ಕತ್ತರಿಯನ್ನು ಎತ್ತುವ ಮುಂಚೆ ನೀರಿನ ಲೆಕ್ಕ ಮಾಡಿರಿ. ಒಂದು ಬೆಳೆದ ಬಳ್ಳಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಕೊಡ ನೀರು ಬೇಕೆಂದು ಇಟ್ಟುಕೊಳ್ಳಿರಿ. ನಿಮ್ಮಲ್ಲಿ ಮೂರು ಬಳ್ಳಿಗಳಿದ್ದು ಒಂದಕ್ಕೆ ಮಾತ್ರ ನೀರು ಉಂಟಾದರೆ, ಒಂದನ್ನೇ ಪೂರ್ತಿ ಕತ್ತರಿಸಿ, ಉಳಿದವುಗಳಲ್ಲಿ ಒಣಕಡ್ಡಿಗಳನ್ನು ಮಾತ್ರ ತೆಗೆಯಿರಿ. ಚಿಗುರಿಸಿ ನೀರು ಕೊಡದೆ ಬಿಡುವದಕ್ಕಿಂತ ಚಿಗುರಿಸದೆ ಇರುವದು ಲೇಸು. ಕೂಡಿಟ್ಟ ಬಲವನ್ನೆಲ್ಲಾ ಚಿಗುರಿಗೆ ಸುರಿದ ಗಿಡವು ಆ ಚಿಗುರು ಒಣಗಿದರೆ ಎರಡನೆಯ ಸಲ ಏಳಲಾರದು.

ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಳ್ಳಿಗೆ ಒಳ್ಳೇದು. ಸಾಬೂನಿನ ನೀರನ್ನು ದಿನಾಲೂ ಬುಡಕ್ಕೆ ಬಿಡಬೇಡಿರಿ, ಮಣ್ಣು ಚೌಳಾಗುವದು. ಪಾತಿಯ ಮೇಲೆ ರಾಗಿಯ ಹುಲ್ಲನ್ನಾಗಲಿ ತೆಂಗಿನ ಸಿಪ್ಪೆಯನ್ನಾಗಲಿ ನಾಲ್ಕು ಅಂಗುಲ ಹೊದಿಸಿದರೆ ಎರಡು ಕೊಡದ ಕೆಲಸವನ್ನು ಒಂದೂವರೆ ಕೊಡ ಮಾಡುವದು. ಹೊದಿಕೆಯು ಕಾಂಡಕ್ಕೆ ತಗಲದಂತೆ ಒಂದು ಗೇಣು ಬಿಡಿರಿ. ಮಳೆಗಾಲದಲ್ಲಿ ಪಾತಿಯನ್ನು ಒಡೆದು ನೀರು ಹರಿದುಹೋಗಲು ದಾರಿ ಮಾಡಿರಿ.

೭. ಬಳ್ಳಿಗೆ ಬರುವ ಕೇಡುಗಳು

ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಾದ ಮಣ್ಣಿನಲ್ಲಿ ಇದು ಬರುವದು. ಅನ್ನಭೇದಿಯನ್ನು ಲೀಟರಿಗೆ ಐದು ಗ್ರಾಂ ಪ್ರಕಾರ ಕರಗಿಸಿ ಎಲೆಗಳ ಮೇಲೆ ಹದಿನೈದು ದಿನಕ್ಕೊಮ್ಮೆ ಎರಡು ಮೂರು ಸಲ ಸಿಂಪಡಿಸಿರಿ.

ಮೊಗ್ಗು ಬೆಳೆಯುವ ಮುಂಚೆಯೇ ನೇರಿಳೆ ಬಣ್ಣಕ್ಕೆ ತಿರುಗಿ ಉದುರಿದರೆ ಅದು ಒಂದು ಸಣ್ಣ ನೊಣದ ಮರಿಗಳ ಕೆಲಸ. ಅವು ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶವಾಗುವವು. ಕೆಟ್ಟ ಮೊಗ್ಗುಗಳನ್ನು ಆರಿಸಿ ಸುಟ್ಟು, ಬುಡದ ಮಣ್ಣನ್ನು ಕೆದಕುತ್ತಿದ್ದರೆ ಅರ್ಧ ಬಾಧೆ ತೀರುವದು. ಮೊಗ್ಗಿಗೆ ತೂತು ಬಿದ್ದು ನೂಲಿನಿಂದ ಒಂದಕ್ಕೊಂದು ಅಂಟಿದ್ದರೆ ಅದು ಮೊಗ್ಗಿನ ಹುಳ. ಲೀಟರಿಗೆ ೫೦ ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ರಾತ್ರಿಯೆಲ್ಲಾ ನೆನೆಯಿಟ್ಟು, ಸೋಸಿ, ಚೂರು ಸಾಬೂನು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಿರಿ. ಬಿಸಿಲು ಬಲಿತಾಗ ಎಲೆಯ ಕೆಳಗೆ ಜೇಡರ ಬಲೆಯಂಥ ನೂಲು ಕಂಡರೆ ಅದು ನುಸಿ; ನೀರನ್ನು ರಭಸವಾಗಿ ಎರಚಿ ತೊಳೆಯಿರಿ; ಹೋಗದಿದ್ದರೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ ಎರಡು ಗ್ರಾಂ ಸೇರಿಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿರಿ.

೮. ಒಂದರಿಂದ ಇನ್ನೊಂದು

ಕತ್ತರಿಸಿದ ಕಡ್ಡಿಗಳನ್ನೆಲ್ಲಾ ಬೇಲಿಯಾಚೆ ಎಸೆಯಬೇಡಿರಿ. ರೋಗವಿಲ್ಲದ, ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಒಂದು ಗೇಣುದ್ದ ಕತ್ತರಿಸಿ, ಎರಡು ಗೆಣ್ಣು ಒಳಗೆ ಹೋಗುವ ಹಾಗೆ ನೆರಳಿನಲ್ಲಿ ತೇವದ ಮರಳಿನಲ್ಲಿ ಊರಿದರೆ ಕೆಲವು ಬೇರು ಬಿಡುವವು. ಇದಕ್ಕಿಂತ ಭರವಸೆಯ ದಾರಿ ಊರುಕೊಂಬೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಬುಡದ ಹತ್ತಿರದ ಉದ್ದ ಕೊಂಬೆಯೊಂದನ್ನು ನೆಲಕ್ಕೆ ಬಾಗಿಸಿ, ನೆಲ ತಾಗುವ ಗೆಣ್ಣಿನ ಕೆಳಗೆ ಅರೆಪಾಲು ಸೀಳಿ, ನಾಲ್ಕು ಅಂಗುಲ ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಇಡಿರಿ. ಮೂರು ನಾಲ್ಕು ತಿಂಗಳಲ್ಲಿ ಬೇರು ಕಟ್ಟುವದು. ಆಗ ತಾಯಿಯಿಂದ ಕತ್ತರಿಸಿ ನೆಡಬಹುದು. ಮಲ್ಲಿಗೆಯ ಬಳ್ಳಿಯು ಚೆನ್ನಾಗಿ ಹೂ ಕೊಡುವದು ಹನ್ನೆರಡು ಹದಿನೈದು ವರುಷ. ಆ ವರುಷಗಳು ತೀರುವ ಮುಂಚೆಯೇ ಅದರ ಮರಿಯು ಅಂಗಳದ ಇನ್ನೊಂದು ಮೂಲೆಯಲ್ಲಿ ಬೇರೂರಿರಲಿ. ನಮ್ಮ ಮನೆಯಲ್ಲಿ ತರಗೆಲೆಯ ಕೆಳಗೆ ತಾನಾಗಿ ನಡೆದದ್ದನ್ನು ನೀವು ತಿಳಿದೇ ಮಾಡಿರಿ. ಪ್ರತಿಯೊಬ್ಬರಿಗೂ ಅಂಥ ಕೊಂಬೆ ಉಳಿದಿರುವದೆಂದು ಹೇಳುವ ಹಾಗಿಲ್ಲ.

ಮೊಗ್ಗುಗಳನ್ನು ಸೂರ್ಯೋದಯಕ್ಕೆ ಮುಂಚೆ, ಬೆಳ್ಳಗೆ ತುಂಬಿ ಇನ್ನೂ ಅರಳದೆ ಇರುವಾಗ ಕೊಯ್ಯಿರಿ. ಕೊಯ್ಯುವಾಗ ತುದಿಯ ಎಲೆಜೋಡಿಯನ್ನೂ ಆಗಾಗ್ಗೆ ಚಿವುಟುತ್ತಾ ಬಂದರೆ ಅದು ಸಣ್ಣದೊಂದು ಕತ್ತರಿಯ ಕೆಲಸವನ್ನೇ ಮಾಡಿ ಮತ್ತೆರಡು ಕುಡಿಗಳನ್ನು ಕೊಡುವದು.

ಮನೆಯವರು ಕೂಡಿಕೊಂಡು ಕೇಳಬೇಕಾದ ಪ್ರಶ್ನೆಗಳು

೧. ನಮ್ಮ ಅಂಗಳದಲ್ಲಿರುವ ಬಳ್ಳಿ ನಾಲ್ಕು ಜಾತಿಗಳಲ್ಲಿ ಯಾವದು? ಅದನ್ನು ಕತ್ತರಿಸುವ ತಿಂಗಳು ಯಾವದು?

೨. ಮಲ್ಲಿಗೆಯ ಹೂವು ಹಳೆಯ ಕಡ್ಡಿಯಲ್ಲಿ ಹುಟ್ಟುವದೋ ಹೊಸ ಚಿಗುರಿನಲ್ಲಿಯೋ? ಬಳ್ಳಿ ಉದ್ದವಾದಷ್ಟು ಹೂ ಹೆಚ್ಚುವದೆಂಬ ಮಾತು ಯಾಕೆ ತಪ್ಪು?

೩. ಕತ್ತರಿಸುವದಕ್ಕೆ ಮುಂಚೆ ನೀರನ್ನು ಯಾಕೆ ತಡೆಯಬೇಕು? ಆ ಮೇಲೆ ಯಾಕೆ ತಪ್ಪದೆ ಕೊಡಬೇಕು?

೪. ಜನವರಿಯಿಂದ ಮೇ ತನಕ ನಮ್ಮ ಬಾವಿಯ ನೀರು ಎಷ್ಟು ಬಳ್ಳಿಗಳಿಗೆ ಸಾಲುವದು?

೫. ಹಳೆಯ ಬಳ್ಳಿಯನ್ನು ಒಂದೇ ಸಲ ಕಡಿದರೆ ಏನಾಗುವದು? ಅದನ್ನು ಎಷ್ಟು ವರುಷಗಳಲ್ಲಿ ತಿದ್ದಬೇಕು?

ಈ ಐದನ್ನು ಉತ್ತರಿಸಬಲ್ಲ ಮನೆಯವರು ಬರುವ ನವೆಂಬರಿನಲ್ಲಿ ಧೈರ್ಯವಾಗಿ ಕತ್ತರಿಯನ್ನು ಹಿಡಿಯಬಹುದು. ನಾಲ್ಕನೆಯದಕ್ಕೆ ಉತ್ತರ ತಿಳಿಯದವರು ಮೊದಲು ಬಾವಿಯ ಬಳಿಗೆ ಹೋಗಿ ನೋಡಿಕೊಂಡು ಬರಲಿ.